ಸಾವಿರ ಲೀಟರ್ ನೀರಿಗೆ ಎಷ್ಟು ಯೂನಿಟ್? ಕೋಲಾರದ ಒಂದು ಲೇಔಟಿನ ಕೇಸು

ಕೋಲಾರದಲ್ಲಿ ಹವಾಮಾನ ಬದಲಾವಣೆ ಅಂತ ಯಾರಾದ್ರೂ ಮಾತು ತೆಗೆದ್ರೆ ಮೊದಲು ಬರೋದು ಗಿಡ ನೆಡೋಣ, ಆಮೇಲೆ ಪ್ಲಾಸ್ಟಿಕ್ ಬಿಡೋಣ, ಅಲ್ಲಿಗೆ ಮಾತು ಮುಗೀತು, ಕಾಫಿ ಬಂತು. ಎರಡೂ ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ನದಿ ಇಲ್ಲದ ಜಿಲ್ಲೆಯ ಊರಲ್ಲಿ ನಮ್ಮ ಕಾರ್ಬನ್ ಲೆಕ್ಕದ ದೊಡ್ಡ ಪಾಲು ಎಲ್ಲಿ ಕೂತಿದೆ ಅಂತ ನೋಡಿದ್ರೆ ಅದು ಬೋರ್‌ವೆಲ್ ಒಳಗೆ ಕೂತಿದೆ ಅನ್ನೋದು ನನ್ನ ವಾದ. ಊರ ಹೊರಗಿನ ಒಂದು ಪ್ರೈವೇಟ್ ಲೇಔಟಿನಲ್ಲಿ ಏನಾಯ್ತು ಅಂತ ಪೂರ್ತಿ ಬರೀತೀನಿ. ಆ ಲೇಔಟಲ್ಲೇ ನಾನಿರೋದು, ಬೋರ್‌ವೆಲ್ಲಿನ ಕರೆಂಟ್ ಬಿಲ್ಲು, ನೀರ್‌ಗಂಟಿ ಸಂಬಳ ಎಲ್ಲದರ ಲೆಕ್ಕ ಬರೆಯೋ ಕೆಲಸ ನನ್ನ ತಲೆಗೆ ಬಿದ್ದಿದೆ, ಹಾಗಾಗಿ ಅಂಕಿ ಕೈಯಲ್ಲಿವೆ.

ಲೇಔಟ್ ಅಂದ್ರೆ 75 ಮನೆ, ಬಹುತೇಕ 30x40 ಸೈಟು, ಒಂದು ಪಾರ್ಕು, ಒಂದು ಓವರ್‌ಹೆಡ್ ಟ್ಯಾಂಕು, ಒಂದು ಬೋರು. ಇನ್ನೂ ನಗರಸಭೆಗೆ ಹಸ್ತಾಂತರ ಆಗಿಲ್ಲ, ಅದರಿಂದ ನೀರು, ಬೀದಿ ದೀಪ ಎಲ್ಲಾ ನಾವೇ ನೋಡ್ಕೋಬೇಕು, ತಿಂಗಳಿಗೆ ಮನೆಗಿಷ್ಟು ಅಂತ ಎತ್ತಿ ಬಿಲ್ ಕಟ್ತೀವಿ. ಬೋರು 1,200 ಅಡಿ ಕೊರೆದದ್ದು, ಮೋಟ್ರು 1,000 ಅಡಿಗೆ ಇಳಿಸಿದ್ರು, 12.5 ಎಚ್‌ಪಿ. ನಮ್ಮ ಕಡೆ ಇದೇನು ಆಶ್ಚರ್ಯದ ವಿಷಯ ಅಲ್ಲ, ಕೋಲಾರದಲ್ಲಿ ಸಾವಿರ ಅಡಿ ದಾಟಿದ ಬೋರು ಬೀದಿಗೊಂದು ಸಿಗುತ್ತೆ, ಅದರಲ್ಲಿ ಫ್ಲೋರೈಡ್ ಬೇರೆ. ಅವಿಭಜಿತ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆ ಕಟ್ಟಿದ್ದು ಹಿರಿಯರಿಗೆ ಬೇರೆ ಕೆಲಸ ಇಲ್ಲದೆ ಅಲ್ಲ, ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದನ್ನ ಹಿಡಿದಿಟ್ರೆ ಉಂಟು ಇಲ್ಲಾಂದ್ರೆ ಇಲ್ಲ. ನಾವು ಕೆರೆ ಬಿಟ್ಟು ಕೊಳವೆ ಬಾವಿ ಹಿಡಿದ್ವಿ.

ಶುರುವಾಗಿದ್ದು ಗಿಡದಿಂದಲೇ. ಒಂದು ಜೂನಲ್ಲಿ ಪರಿಸರ ದಿನ ಅಂತ ಪಾರ್ಕಲ್ಲಿ, ರಸ್ತೆ ಪಕ್ಕ ಸಸಿ ನೆಟ್ರು, ಫೋಟೋ ತೆಗೆದ್ರು, ವಾಟ್ಸಾಪಲ್ಲಿ ಹಾಕಿದ್ರು. ಮಾರ್ಚ್ ಹೊತ್ತಿಗೆ ಅರ್ಧಕ್ಕರ್ಧ ಒಣಗಿ ಕಡ್ಡಿ. ಆಗ ಮೀಟಿಂಗಲ್ಲಿ ಒಬ್ರು ಗಿಡಕ್ಕೆ ದಿನಾ ಬೋರಿಂದ ನೀರು ಬಿಡೋಣ ಅಂದ್ರು. ಅದೇ ವಾರ ಸ್ಟಾರ್ಟರ್ ಸುಟ್ಟಿತ್ತು, ರಿಪೇರಿಗೆ ಬಂದಿದ್ದ ಮೋಟ್ರು ಅಣ್ಣ ಪಕ್ಕದಲ್ಲೇ ವೈರ್ ಸುಲೀತಾ ಇದ್ದವ್ರು ತಲೆ ಎತ್ತದೆ ಹೇಳಿದ್ರು, "ಸಾರ್, ಒಂದು ಬಿಂದಿಗೆ ಮೇಲಕ್ಕೆ ಬರೋಕೆ ಎಷ್ಟು ಕರೆಂಟು ಕುಡಿಯುತ್ತೆ ಅಂತ ಲೆಕ್ಕ ಹಾಕಿ ಆಮೇಲೆ ಗಿಡಕ್ಕೆ ಬಿಡಿ." ನಮ್ಮ ಲೇಔಟಲ್ಲಿ ಒಬ್ರು ರಿಟೈರ್ಡ್ ಫಿಸಿಕ್ಸ್ ಮೇಷ್ಟ್ರಿದ್ದಾರೆ, ಅವರಿಗೆ ಇಷ್ಟು ಸಾಕಾಯ್ತು, ಅಲ್ಲೇ ಕರೆಂಟ್ ಬಿಲ್ಲಿನ ಹಿಂದೆ ಬರೆಯೋಕೆ ಶುರು ಮಾಡಿದ್ರು.

ಲೆಕ್ಕ ಸುಲಭ, ಯಾರು ಬೇಕಾದ್ರೂ ಮಾಡ್ಕೋಬಹುದು. ಸಾವಿರ ಲೀಟರ್ ಅಂದ್ರೆ ಸಾವಿರ ಕೆಜಿ. ಅದನ್ನ 300 ಮೀಟರ್, ಅಂದ್ರೆ ಸುಮಾರು ಸಾವಿರ ಅಡಿ, ಮೇಲೆತ್ತೋಕೆ ಬರೀ ಎತ್ತೋ ಶಕ್ತಿನೇ 0.82 ಯೂನಿಟ್ ಬೇಕು. ಆದ್ರೆ ಬೋರ್ ಪಂಪು ಮೋಟ್ರು ಎರಡೂ ಸೇರಿ ನಾವು ಕೊಟ್ಟ ಕರೆಂಟಲ್ಲಿ ನೂರಕ್ಕೆ ನಲವತ್ತರಷ್ಟು ಕೆಲಸಕ್ಕೆ ಬಂದ್ರೆ ದೊಡ್ಡದು, ಉಳಿದದ್ದು ಬಿಸಿ, ಪೈಪಿನ ಉಜ್ಜಾಟ. ಅಂದ್ರೆ ಸಾವಿರ ಲೀಟರ್‌ಗೆ ಹತ್ತಿರ ಹತ್ತಿರ ಎರಡು ಯೂನಿಟ್. ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋ ಸರ್ಕಾರದ ಮಾನದಂಡ ಇಟ್ಕೊಂಡು ಮನೆಗೆ ನಾಲ್ಕು ಜನ ಅಂತ ಹಿಡಿದ್ರೆ 75 ಮನೆಗೆ ದಿನಕ್ಕೆ 40 ಸಾವಿರ ಲೀಟರ್, ಅಂದ್ರೆ 80 ಯೂನಿಟ್, ತಿಂಗಳಿಗೆ 2,400 ಯೂನಿಟ್. ನಮ್ಮ ದೇಶದ ಗ್ರಿಡ್ಡಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತೆ, ಅಲ್ಲಿಗೆ ತಿಂಗಳಿಗೆ 1.7 ಟನ್ ಹತ್ತಿರ. ಒಂದು ಲೀಟರ್ ಪೆಟ್ರೋಲ್ ಸುಟ್ರೆ 2.3 ಕೆಜಿ ಬರೋದು, ಅಂದ್ರೆ ನಾವು ಮುಖ ತೊಳೆದು ಪಾತ್ರೆ ಉಜ್ಜೋಕೆ ತಿಂಗಳಿಗೆ 700 ಲೀಟರ್ ಪೆಟ್ರೋಲ್ ಸುಟ್ಟಷ್ಟು ಹೊಗೆ ಎಲ್ಲೋ ಥರ್ಮಲ್ ಸ್ಟೇಷನ್ನಲ್ಲಿ ಬಿಡ್ತಾ ಇದ್ವಿ. ಮೇಷ್ಟ್ರು ಇದನ್ನ ಓದಿ ಹೇಳಿದಾಗ ಮೀಟಿಂಗಲ್ಲಿ ಕೂತಿದ್ದೋರು ಹೂಂ ಅಂದ್ರು ಅಷ್ಟೇ, ಆದ್ರೆ ಅದೇ 2,400 ಯೂನಿಟ್ಟನ್ನ ರೂಪಾಯಿ ಮಾಡಿ ಮನೆಗೆ ಹಂಚಿ ಹೇಳಿದ ಮೇಲೆ ಎಲ್ರೂ ನೆಟ್ಟಗೆ ಕೂತ್ರು. ಇದು ನನಗೆ ಯಾವಾಗಲೂ ಕಾಣೋದೇ, ಕಾರ್ಬನ್ ಅಂದ್ರೆ ಯಾರಿಗೂ ತಟ್ಟಲ್ಲ, ಬಿಲ್ಲು ಅಂದ್ರೆ ತಟ್ಟುತ್ತೆ, ಮತ್ತೆ ನಮ್ಮ ಊರಲ್ಲಿ ಎರಡೂ ಒಂದೇ ಮೀಟರ್ ಮೇಲೆ ತಿರುಗ್ತಾ ಇದ್ರೆ ಯಾವುದನ್ನ ಹೇಳಿದ್ರೂ ಒಂದೇ ಅಲ್ವಾ.

ಮೊದಲ ಕೆಲಸ ಬೋರಿನ ಬಾಯಿಗೆ ಒಂದು ವಾಟರ್ ಮೀಟರ್ ಕೂರಿಸಿದ್ದು. ಕರೆಂಟ್ ಮೀಟರ್ ಹೇಗೂ ಇತ್ತು. ನೀರ್‌ಗಂಟಿ ಎರಡನ್ನೂ ಬೆಳಿಗ್ಗೆ ಒಂದು ನೋಟ್‌ಬುಕ್ಕಲ್ಲಿ ಬರೀಬೇಕು, ಇಷ್ಟೇ. ಕೆಲವೇ ದಿನಕ್ಕೆ ಗೊತ್ತಾಯ್ತು, ಬೇಕಾಗಿದ್ದ 40 ಸಾವಿರಕ್ಕಿಂತ ಎಷ್ಟೋ ಜಾಸ್ತಿ ನೀರು ಮೇಲೆ ಬರ್ತಾ ಇದೆ. ಹೋಗ್ತಿದ್ದಿದ್ದೆಲ್ಲಿ? ನೀರ್‌ಗಂಟಿ ಬೆಳಗಿನ ಜಾವ ಮೋಟ್ರು ಆನ್ ಮಾಡಿ ಡೈರಿಗೆ ಹಾಲು ಹಾಕೋಕೆ ಹೋಗ್ತಾನೆ, ಅಲ್ಲಿ ಕ್ಯೂ ಇದ್ರೆ ಟ್ಯಾಂಕ್ ತುಂಬಿ ಹರೀತಾ ಇರುತ್ತೆ, ಸಾವಿರ ಅಡಿಯಿಂದ ಎತ್ತಿದ ನೀರು ಪಾರ್ಕಿನ ಮೂಲೆಯಲ್ಲಿ ಕೆಸರು. ಅವನನ್ನ ಬೈಯೋಕಾಗಲ್ಲ, ನಾವು ಕೊಡೋ ಸಂಬಳಕ್ಕೆ ಹಸು ಸಾಕ್ದೆ ಅವನು ಬದುಕೋದು ಹೇಗೆ. ಆಟೋಮ್ಯಾಟಿಕ್ ಲೆವೆಲ್ ಕಂಟ್ರೋಲರ್ ಹಾಕಿಸಿದ್ವಿ, ಟ್ಯಾಂಕ್ ತುಂಬಿದ್ರೆ ಮೋಟ್ರು ತಾನೇ ಆಫ್. ಆಮೇಲೆ ಮನೆ ಮನೆ ಸಂಪು ನೋಡಿದ್ರೆ ಬಾಲ್ ವಾಲ್ವ್ ಹೋಗಿ ವರ್ಷಗಳೇ ಆದ ಮನೆಗಳಿದ್ವು, ತುಂಬಿ ಚರಂಡಿಗೆ ಹೋಗ್ತಾ ಇದ್ರೂ ಮೇಲೆ ಚಪ್ಪಡಿ ಮುಚ್ಚಿರೋದ್ರಿಂದ ಮನೆಯವರಿಗೇ ಗೊತ್ತಿಲ್ಲ. ಇಡೀ ಪ್ರಕರಣದಲ್ಲಿ ಕಡಿಮೆ ಖರ್ಚಲ್ಲಿ ಜಾಸ್ತಿ ಉಳಿಸಿದ್ದು ಈ ಎರಡು ಕೆಲಸ. ಇದಕ್ಕೆ ಯಾರೂ ಫೋಟೋ ತೆಗೀಲಿಲ್ಲ ಅನ್ನೋದು ಬೇರೆ ಮಾತು.

ಇನ್ನು ಮಳೆನೀರು. 30x40 ಸೈಟಲ್ಲಿ 900 ಚದರಡಿ ತಾರಸಿ ಅಂದ್ರೆ ಹತ್ತಿರ 84 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್. 700 ಮಿಲಿಮೀಟರಲ್ಲಿ ಸೋರಿದ್ದು ಆರಿದ್ದು ಕಳೆದು ನೂರಕ್ಕೆ 80 ಸಿಕ್ಕಿದ್ರೂ ಒಂದು ತಾರಸಿಯಿಂದ ವರ್ಷಕ್ಕೆ 47 ಸಾವಿರ ಲೀಟರ್. 75 ತಾರಸಿಗೆ 35 ಲಕ್ಷ ಲೀಟರ್ ಆಯ್ತು. ನಮಗೆ ವರ್ಷಕ್ಕೆ ಬೇಕಾಗಿರೋದು 146 ಲಕ್ಷ. ಅಂದ್ರೆ ಕಾಲು ಭಾಗ, ಅದಕ್ಕಿಂತ ಜಾಸ್ತಿ ಅಲ್ಲ. ಮಳೆಕೊಯ್ಲು ಮಾಡಿದ್ರೆ ಬೋರೇ ಬೇಡ ಅಂತ ಹೇಳ್ಕೊಂಡು ತಿರುಗೋರ ಮಾತು ನಂಬಬೇಡಿ, ಕೋಲಾರದ ಮಳೆಗೆ ಅಷ್ಟು ಶಕ್ತಿ ಇಲ್ಲ. ಆದ್ರೆ ಆ ಕಾಲು ಭಾಗ ಕರೆಂಟ್ ಇಲ್ಲದೆ ಮನೆ ಮೇಲೇ ಬಂದು ಬೀಳೋ ನೀರು. ನಮ್ಮ ಊರಿಗೆ ಬರೋ ಬೇರೆ ಯಾವ ನೀರಿಗೂ ಆ ಗುಣ ಇಲ್ಲ, ಯರಗೋಳ್ ಡ್ಯಾಮಿನದೂ ಪಂಪ್ ಆಗಿ ಬರಬೇಕು, ಎತ್ತಿನಹೊಳೆದು ಬಂದ್ರೆ ಅದೂ ಘಟ್ಟ ಹತ್ತಿ ಬರಬೇಕು.

ಹಳೇ ಮನೆಯವರು ಕೆಲವರು ಸಂಪಿಗೆ ಮಳೆನೀರು ತಿರುಗಿಸಿಕೊಂಡ್ರು, ಮೊದಲ ಮಳೆ ಹೊರಗೆ ಬಿಟ್ಟು ಆಮೇಲಿನದು ಜೆಲ್ಲಿ ಮರಳಿನ ಡ್ರಮ್ಮಿನ ಮೂಲಕ. ಉಳಿದವರದನ್ನ ಒಟ್ಟು ಸೇರಿಸಿ ಬೋರಿನ ಸುತ್ತ ಇಂಗು ಗುಂಡಿಗೆ ತಂದ್ವಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಆಳ, ಗುಂಡಿ ಒಳಗಿರೋ ಕೇಸಿಂಗ್ ಪೈಪಿಗೆ, ಅಂದ್ರೆ ಬೋರಿನ ಮಣ್ಣು ಕುಸಿಯದ ಹಾಗೆ ಮೇಲ್ಭಾಗದಲ್ಲಿ ಇಳಿಸಿರೋ ದಪ್ಪ ಪೈಪಿಗೆ, ಸಣ್ಣ ತೂತು ಕೊರೆದು ಅದರ ಮೇಲೆ ನೈಲಾನ್ ಮೆಶ್ ಸುತ್ತಿ, ಕೆಳಗೆ ದಪ್ಪ ಕಲ್ಲು, ಮೇಲೆ ಜೆಲ್ಲಿ, ಅದರ ಮೇಲೆ ಇದ್ದಿಲು, ಮರಳು. ಕಟ್ಟಿಸೋದು ಕಷ್ಟ ಇಲ್ಲ, ಕಾಯೋದೇ ಕಷ್ಟ. ಮೊದಲ ಮಳೆಗಾಲದಲ್ಲಿ ಒಂದು ದಿನ ಮಳೆನೇ ಇಲ್ಲ, ಗುಂಡಿ ತುಂಬಾ ಬಿಳಿ ನೊರೆ. ಹುಡುಕಿಕೊಂಡು ಹೋದ್ರೆ ಒಂದು ಮನೆಯ ವಾಷಿಂಗ್ ಮಷೀನ್ ಪೈಪನ್ನ ಪ್ಲಂಬರ್ ಹತ್ರ ಇದೆ ಅಂತ ಮಳೆನೀರಿನ ಪೈಪಿಗೇ ಸೇರಿಸಿ ಹೋಗಿದ್ದ. ನಮ್ಮ ಲೇಔಟ್‌ಗೂ ಕೆ.ಸಿ. ವ್ಯಾಲಿ ಬಂತು ಅಂತ ಹುಡುಗರು ನಕ್ಕಿದ್ದೇ ನಕ್ಕಿದ್ದು, ಬೆಂಗಳೂರಿಂದ ನಮ್ಮ ಕೆರೆಗಳಿಗೆ ಬಿಟ್ಟ ಆ ಶುದ್ಧ ಮಾಡಿದ ಕೊಳಚೆ ನೀರಲ್ಲೂ ಹೀಗೇ ನೊರೆ ಬಂದಿತ್ತು. ಮರಳು ಪೂರ್ತಿ ತೆಗೆಸಿ ಹೊಸದು ಹಾಕಿಸಬೇಕಾಯ್ತು, ಆವತ್ತಿಂದ ರಸ್ತೆ ಚರಂಡಿ ನೀರು ಯಾವ ಕಾರಣಕ್ಕೂ ಗುಂಡಿಗೆ ಬೇಡ, ತಾರಸಿ ಮತ್ತೆ ಪಾರ್ಕಿನ ನೀರು ಮಾತ್ರ ಅಂತ ಮಾಡಿದ್ವಿ. ಕೇಸಿಂಗ್ ಒಳಗೆ ಹೋದ ಕೊಳಕು ನೇರ ಅಂತರ್ಜಲಕ್ಕೆ ಹೋಗುತ್ತೆ, ಆಮೇಲೆ ತೆಗೆಯೋ ದಾರಿ ಇಲ್ಲ.

ಕೆ.ಸಿ. ವ್ಯಾಲಿ ವಿಷಯ ಹೇಳದೆ ಈ ಕೇಸು ಪೂರ್ತಿ ಆಗಲ್ಲ. ಕೋರಮಂಗಲ ಚಲ್ಲಘಟ್ಟ ಕಣಿವೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ದಿನಕ್ಕೆ 44 ಕೋಟಿ ಲೀಟರ್ ನಮ್ಮ ಕೆರೆಗಳಿಗೆ ತುಂಬಿಸೋ ಯೋಜನೆ. 2018ರ ಜೂನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು, ಮುಂದಿನ ತಿಂಗಳೇ ನೊರೆ ಕಾಣಿಸ್ತು, ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ಬಿಟ್ಟಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ, ಏಪ್ರಿಲಲ್ಲಿ ತೆರವು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನೋ ಹೋರಾಟ ನ್ಯಾಯವಾದದ್ದೇ ಅಂತ ನನ್ನ ಅಭಿಪ್ರಾಯ, ಇದೇ ನೀರು ಇಂಗಿ ನಮ್ಮ ಬೋರಿಗೆ ಬರೋದು. ಆದ್ರೆ ದಶಕಗಟ್ಟಲೆ ಬರಿದಾಗಿದ್ದ ಕೆರೆಗಳಲ್ಲಿ ನೀರು ನಿಂತು ಸುತ್ತಮುತ್ತ ಬೋರುಗಳಲ್ಲಿ ಮಟ್ಟ ಏರಿದ್ದೂ ನಿಜ, ಅದನ್ನ ಇಲ್ಲ ಅನ್ನೋಕಾಗಲ್ಲ. ಇನ್ನೊಂದು ಮಾತು, ಆ ನೀರಲ್ಲಿ ಒಂದು ಪಾಲು ಕಾವೇರಿಯಿಂದ ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಹತ್ತಿ ಬೆಂಗಳೂರಿಗೆ ಬಂದದ್ದು, ಅಲ್ಲಿ ಬಳಕೆಯಾಗಿ ಮತ್ತೆ ಪಂಪ್ ಆಗಿ ನಮ್ಮಲ್ಲಿಗೆ ಬಂದದ್ದು. ನಾವು ಪುಕ್ಕಟೆ ಅಂದ್ಕೊಳ್ಳೋ ಕೆರೆ ನೀರಿನ ಹಿಂದೆ ಎಷ್ಟು ಕರೆಂಟಿದೆ ನೋಡಿ.

2022ರಲ್ಲಿ ನಮ್ಮ ಮೋಟ್ರು ಸುಟ್ಟಿತು. ಅದನ್ನ ಎತ್ತೋದು ಅಂದ್ರೆ ಒಂದು ಇಡೀ ದಿನದ ಕೆಲಸ, ಗಾಡಿ ತಂದು ನಿಲ್ಲಿಸಿ 20 ಅಡಿಯ ಜಿಐ ಪೈಪುಗಳನ್ನ ಒಂದೊಂದೇ ಎತ್ತಿ, ಕ್ಲ್ಯಾಂಪ್ ಹಾಕಿ, ಬಿಚ್ಚಿ, ಪಕ್ಕಕ್ಕೆ ಜೋಡಿಸಬೇಕು, ಸಾವಿರ ಅಡಿಗೆ ಐವತ್ತು ಪೈಪು. ಮೋಟ್ರು ಅಣ್ಣ ಪೈಪುಗಳನ್ನ ಸಾಲಾಗಿ ಮಲಗಿಸ್ತಾ ಒಂದು ಕಡೆ ನಿಲ್ಲಿಸಿ ನಮ್ಮನ್ನ ಕರೆದ್ರು. ಮೇಲಿನ ಪೈಪುಗಳ ಮೈ ಬರೀ ತುಕ್ಕು, ಮೂವತ್ತನೇ ಪೈಪಿನ ಹತ್ರದಿಂದ ಕೆಳಗೆ ಬಿಳಿ ಉಪ್ಪು ಕಟ್ಟಿ ಮೈ ಒರಟಾಗಿದೆ, ಗೆರೆ ಎಳೆದಂಗೆ ಕಾಣ್ತಿತ್ತು. "ನೋಡಿ ಸಾರ್, ನೀರು ಇಲ್ಲಿಗೆ ನಿಂತಿದೆ. 600 ಅಡಿ. ನೀವು ಸಾವಿರ ಅಡಿ ಪಂಪು ಇಟ್ಕೊಂಡು ಸುಮ್ನೆ ಕರೆಂಟು ಸುಡ್ತಾ ಇದ್ದೀರ."

ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಕರೆಂಟು ಎಷ್ಟು ಹೋಗುತ್ತೆ ಅನ್ನೋದು ಬೋರು ಎಷ್ಟು ಆಳ ಕೊರೆದಿದೆ ಅನ್ನೋದರ ಮೇಲಿಲ್ಲ, ಮೋಟ್ರು ಓಡುವಾಗ ನೀರು ಎಲ್ಲಿ ನಿಂತಿರುತ್ತೆ ಅನ್ನೋದರ ಮೇಲಿದೆ. ಆದ್ರೆ ನೀರು ಮೇಲೆ ಬಂತು ಅಂತ ಬಿಲ್ಲು ತಾನಾಗೇ ಅಷ್ಟೇ ಇಳಿಯಲ್ಲ. ಸಾವಿರ ಅಡಿಗೆ ಅಂತ ಜಾಸ್ತಿ ಸ್ಟೇಜ್, ಅಂದ್ರೆ ನೀರನ್ನ ಮೇಲಕ್ಕೆ ತಳ್ಳೋ ಚಕ್ರಗಳು ಒಂದರ ಮೇಲೊಂದು ಜಾಸ್ತಿ ಇರೋ ಪಂಪು 600 ಅಡಿಯಲ್ಲಿ ಕೆಲಸ ಮಾಡುವಾಗ ಅದರ ಲೆಕ್ಕ ತಪ್ಪುತ್ತೆ, ನೀರು ಜೋರಾಗಿ ತಳ್ಳುತ್ತೆ, ಮೋಟ್ರು ಮೇಲೆ ಲೋಡು ಬೀಳುತ್ತೆ, ನಾವೇನ್ ಮಾಡ್ತಿದ್ವಿ ಅಂದ್ರೆ ಮೇಲೆ ಗೇಟ್ ವಾಲ್ವ್ ಅರ್ಧ ಮುಚ್ಚಿಡ್ತಿದ್ವಿ. ಆಕ್ಸಿಲರೇಟರ್ ಒತ್ತಿಕೊಂಡೇ ಬ್ರೇಕ್ ಹಿಡಿದ ಹಾಗೆ. ಸುಟ್ಟದ್ದನ್ನೇ ರೀವೈಂಡಿಂಗ್ ಮಾಡಿಸೋಣ ಅಂತ ಅರ್ಧ ಜನ, ಕಡಿಮೆ ಸ್ಟೇಜಿಂದು 7.5 ಎಚ್‌ಪಿ ಹೊಸದು ತರೋಣ ಅಂತ ಉಳಿದವರು. ಮೇಷ್ಟ್ರು ಮತ್ತೆ ಲೆಕ್ಕ ಹಾಕಿದ್ರು, 600 ಅಡಿಗೆ ಸಾವಿರ ಲೀಟರ್‌ಗೆ ಒಂದೂಕಾಲು ಯೂನಿಟ್ ಸಾಕು, 40 ಸಾವಿರಕ್ಕೆ ದಿನಕ್ಕೆ 30 ಯೂನಿಟ್ ಉಳಿತಾಯ. ಹೊಸದೇ ಬಂತು. ಹಳೇದನ್ನ ರೀವೈಂಡ್ ಮಾಡಿಸಿ ಪಂಪ್ ಹೌಸಲ್ಲಿ ಇಟ್ವಿ, ಮೋಟ್ರು ಅಣ್ಣನೇ ಹೇಳಿದ್ದು ಅದನ್ನ ಮಾರಬೇಡಿ ಅಂತ.

ಮಟ್ಟ ಏರಿದ್ದು ನಮ್ಮ ಇಂಗು ಗುಂಡಿಯಿಂದಲೇ ಅಂತ ಹೇಳ್ಕೊಂಡ್ರೆ ಅದು ಸುಳ್ಳಾಗುತ್ತೆ. ಕೆರೆ ತುಂಬಿತ್ತು, 2021ರ ನವೆಂಬರಿನ ಮಳೆಗೆ ಜಿಲ್ಲೆಯಲ್ಲಿ ಎಷ್ಟೋ ಕೆರೆ ಕೋಡಿ ಹೋಗಿತ್ತು, ನಮ್ಮ ಗುಂಡಿದು ಅದರಲ್ಲಿ ಸಣ್ಣ ಪಾಲು. ನಮ್ಮ ಕಡೆ ಗಟ್ಟಿ ಬಂಡೆ, ನೀರು ಬಿರುಕಲ್ಲಿ ಹರಿಯೋದು, ನಾವು ಇಂಗಿಸಿದ್ದು ಪಕ್ಕದ ತೋಟದ ಬೋರಿಗೆ ಹೋಗಿದ್ರೂ ಹೋಗಿರಬಹುದು. ಹೋಗ್ಲಿ ಬಿಡಿ, ಅಲ್ಲೂ ಮೋಟ್ರೇ ಇರೋದು, ಅವರಿಗೂ ಕರೆಂಟ್ ಉಳೀತು.

ಆಮೇಲೆ 2023ರ ಬರ. ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಣೆ ಮಾಡಿದ ವರ್ಷ. 2024ರ ಬೇಸಿಗೆಗೆ ನಮ್ಮ ನೀರಿನ ಮಟ್ಟ ಇಳೀತು, ಸಣ್ಣ ಪಂಪು ಎಳೆಯೋಕಾಗದೆ ಪೈಪಲ್ಲಿ ನೀರು ನೂಲಿನ ಹಾಗೆ ಬರೋಕೆ ಶುರುವಾಯ್ತು. ಗ್ರೂಪಲ್ಲಿ ಬಂದ ಬೈಗಳು ಇಲ್ಲಿ ಬರೆಯೋ ಹಾಗಿಲ್ಲ, ಪರಿಸರ ಪರಿಸರ ಅಂತ ದೊಡ್ಡ ಮೋಟ್ರು ತೆಗೆದು ಆಟದ ಸಾಮಾನು ಹಾಕಿದ್ರು ಅಂತ. ನೋಟ್‌ಬುಕ್ಕು ಕಾಪಾಡಿದ್ದು ಆಗಲೇ. ಎರಡು ವರ್ಷದಲ್ಲಿ ಉಳಿದ ಕರೆಂಟ್ ದುಡ್ಡು ಎಷ್ಟು, ಅದು ಸಂಘದ ಅಕೌಂಟಲ್ಲಿ ಎಷ್ಟಿದೆ ಅಂತ ಇಟ್ಟು ತೋರಿಸಿದ್ವಿ, ಅದರಲ್ಲೇ ಟ್ಯಾಂಕರ್ ತರಿಸಿದ್ವಿ, ದಿನ ಬಿಟ್ಟು ದಿನ ನೀರು ಮಾಡಿದ್ವಿ, ಬೇಸಿಗೆ ಕಳೆಯೋವರೆಗೆ ಹಳೇ ಮೋಟ್ರು ಇಳಿಸಿದ್ವಿ, ಮಳೆ ಬಂದು ಮಟ್ಟ ಏರಿದ ಮೇಲೆ ಮತ್ತೆ ಸಣ್ಣದು. ಎತ್ತಿ ಇಳಿಸೋ ಖರ್ಚು ದಂಡ ಅನ್ನೋರು ಇವತ್ತಿಗೂ ಇದ್ದಾರೆ, ಅವರ ಮಾತಲ್ಲೂ ಸ್ವಲ್ಪ ನ್ಯಾಯ ಇದೆ. ನೀರಿನ ಮಟ್ಟ ನೂರಾರು ಅಡಿ ಏರಿಳಿತ ಆಗೋ ಊರಲ್ಲಿ ಒಂದೇ ಪಂಪು ಎಲ್ಲಾ ವರ್ಷಕ್ಕೂ ಸರಿಹೋಗಲ್ಲ, ಹವಾಮಾನ ಬದಲಾದ್ರೆ ಏನಾಗುತ್ತೆ ಅಂತ ನಮ್ಮಲ್ಲಿ ಕೇಳೋರಿಗೆ ನಾನು ಇದನ್ನೇ ತೋರಿಸೋದು: ಒಂದು ವರ್ಷ ಕೋಡಿ, ಇನ್ನೊಂದು ವರ್ಷ ಟ್ಯಾಂಕರ್.

ಗಿಡದ ವಿಷಯ ಎಲ್ಲಿ ಹೋಯ್ತು ಅಂತೀರಾ, ಅದಕ್ಕೆ ದಾರಿ ತೋರಿಸಿದ್ದು ಮೂರನೇ ಕ್ರಾಸಿನ ಅಕ್ಕ, ಹಸು ಕಟ್ಟಿಕೊಂಡಿರೋರು. ಉದುರಿದ ಎಲೆಯನ್ನ ಖಾಲಿ ಸೈಟಲ್ಲಿ ಗುಡ್ಡೆ ಹಾಕಿ ಬೆಂಕಿ ಇಡೋದು ನಮ್ಮಲ್ಲಿ ದಿನಚರಿ, ಚಳಿಗಾಲದಲ್ಲಿ ಬೆಳಿಗ್ಗೆ ಎದ್ರೆ ಹೊಗೆ. "ಹೊಂಗೆ ಸೊಪ್ಪಿಗೆ ಬೆಂಕಿ ಇಡ್ತೀರಲ್ಲ, ಊರಲ್ಲಿ ಗದ್ದೆಗೆ ಅದನ್ನ ದುಡ್ಡು ಕೊಟ್ಟು ತರ್ತಿದ್ವಿ" ಅಂತ ಜಗಳವಾಡಿ ಅದನ್ನೆಲ್ಲ ಸಸಿ ಬುಡಕ್ಕೆ ಹಾಕಿಸಿದ್ರು, ಮೇಲೆ ಸಗಣಿ ನೀರು. ಬುಡ ತಂಪಾಗಿದ್ದು ವಾರಕ್ಕೊಂದು ಬಕೆಟ್ ಪಾತ್ರೆ ತೊಳೆದ ನೀರಲ್ಲೇ ಆ ಬೇಸಿಗೆ ದಾಟಿದ್ವು. ಹಸಿ ಕಸಾನೂ ಅಲ್ಲೇ ಪಾರ್ಕಿನ ಗೊಬ್ಬರದ ರಿಂಗುಗಳಿಗೆ ಹಾಕ್ತೀವಿ, ಅದು ಡಂಪಿಂಗ್ ಯಾರ್ಡಲ್ಲಿ ಗಾಳಿ ಆಡದೆ ಕೊಳೆತ್ರೆ ಮೀಥೇನ್ ಬರುತ್ತೆ, ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯೋ ಅನಿಲ ಅದು. ಎಲ್ಲಾ ಮನೆ ಹಾಕಲ್ಲ, ಹಾಕೋರು ಹಾಕ್ತಾರೆ.

ಸೋಲಾರ್ ಮಾತ್ರ ಮುಂದಕ್ಕೆ ಹೋಗಿಲ್ಲ, ಕಾರಣ ಎರಡು. ಬೋರಿನ ಕನೆಕ್ಷನ್ನಿನ ಆರ್‌ಆರ್ ನಂಬರ್ ಇನ್ನೂ ಲೇಔಟ್ ಮಾಡಿದೋರ ಹೆಸರಲ್ಲಿದೆ, ಅವರು ಫೋನ್ ಎತ್ತಲ್ಲ, ಹೆಸರು ಬದಲಾಗದೆ ನೆಟ್ ಮೀಟರಿಂಗ್, ಅಂದ್ರೆ ಸೋಲಾರಲ್ಲಿ ಮಿಕ್ಕ ಕರೆಂಟ್ ಗ್ರಿಡ್ಡಿಗೆ ಕೊಟ್ಟು ಬಿಲ್ಲಲ್ಲಿ ಕಳೆಸಿಕೊಳ್ಳೋ ವ್ಯವಸ್ಥೆ, ಕೇಳೋದು ಹೇಗೆ. ಮನೆಗಳ ವಿಷಯದಲ್ಲಿ ಪಿಎಂ ಸೂರ್ಯ ಘರ್ ಸ್ಕೀಮಲ್ಲಿ 3 ಕಿಲೋವ್ಯಾಟಿಗೆ 78,000 ಸಬ್ಸಿಡಿ ಇದೆ ಅಂತ ಎಲ್ರಿಗೂ ಗೊತ್ತು, ಆದ್ರೆ 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗೆ ಸೊನ್ನೆ ಬಿಲ್ ಬರ್ತಿರೋ ಮನೆಯವನು ಕೈಯಿಂದ ಲಕ್ಷಾಂತರ ಹಾಕಿ ಪ್ಯಾನೆಲ್ ಯಾಕೆ ಹಾಕ್ತಾನೆ? ಬಡವರ ಮನೆ ದೀಪಕ್ಕೆ ಆ ಸ್ಕೀಮ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಒಂದು ಕೈಲಿ ಸೊನ್ನೆ ಬಿಲ್, ಇನ್ನೊಂದು ಕೈಲಿ ಸೋಲಾರ್ ಸಬ್ಸಿಡಿ ಕೊಟ್ರೆ ಎರಡನೇದು ಎಸಿ ಇರೋ ಮನೆಗಳಿಗೆ ಮಾತ್ರ ಹೋಗುತ್ತೆ. ನಮ್ಮಲ್ಲೂ ಹಾಕಿಸಿರೋದು ಅಂಥವರೇ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ತಂದ ಜಿಲ್ಲೆ ನಮ್ಮದು, ತಾರಸಿಯಿಂದ ಪಂಪ್ ಹೌಸಿಗೆ ತರೋಕೆ ಹೆಸರು ಬದಲಾವಣೆಗೆ ಕಾಯ್ತಾ ಕೂತಿದ್ದೀವಿ.

ಇಡೀ ಊರಿಗೆ ಇದನ್ನ ಹಿಗ್ಗಿಸೋದಾದ್ರೆ ನನಗೆ ಅನ್ನಿಸೋದು ಇಷ್ಟು. ಊರಲ್ಲಿ ನೀರು ಕೊಡೋ ಪ್ರತಿ ಬೋರಿಗೂ ಒಂದು ವಾಟರ್ ಮೀಟರ್, ಪಂಪ್ ಹೌಸ್ ಬಾಗಿಲ ಮೇಲೆ ಈ ತಿಂಗಳು ಸಾವಿರ ಲೀಟರ್‌ಗೆ ಎಷ್ಟು ಯೂನಿಟ್ ಆಯ್ತು ಅಂತ ಬಣ್ಣದಲ್ಲಿ ಬರೆಸೋದು. ಆ ಅಂಕಿ ಏರ್ತಾ ಇದ್ರೆ ನೀರು ಕೆಳಗೆ ಹೋಗ್ತಿದೆ ಅಥವಾ ಪಂಪು ಸವೆದಿದೆ ಅಂತ ಅರ್ಥ, ಎರಡರಲ್ಲಿ ಯಾವುದೇ ಆದ್ರೂ ಬೋರು ಒಣಗೋಕೆ ಮುಂಚೆ ಗೊತ್ತಾಗುತ್ತೆ. ಬೆಟ್ಟದ ಕಡೆಯಿಂದ ಕೆರೆಗೆ ಬರೋ ರಾಜಕಾಲುವೆ ಬಿಡಿಸೋದು, ಹೂಳು ತೆಗೆಯೋದು ನಿವಾಸಿಗಳ ಕೈಲಿ ಆಗಲ್ಲ, ಅದು ಆಡಳಿತದ ಕೆಲಸ. ಆದ್ರೆ ಮನೆ ಮುಂದಿನ ಕಾಲುವೆ ಮೇಲೆ ಚಪ್ಪಡಿ ಹಾಸಿ ಕಾರು ನಿಲ್ಲಿಸಿರೋದು ನಾವೇ ತಾನೆ.

ಇನ್ನೂ ಬಗೆಹರಿಯದ್ದು ಮನೆ ಮೀಟರ್. ಎಲ್ಲಾ ಮನೆಗೂ ಒಂದೇ ದುಡ್ಡು ಅಂದ್ರೆ ಕಡಿಮೆ ಬಳಸೋರಿಗೆ ಅನ್ಯಾಯ ಅಂತ ಮೀಟರ್ ಪ್ರಸ್ತಾಪ ಬಂದಾಗ ಜೋರಾಗಿ ವಿರೋಧ ಮಾಡಿದ್ದು ನಾಲ್ಕು ಪೋರ್ಷನ್ ಕಟ್ಟಿ ಬಾಡಿಗೆ ಕೊಟ್ಟಿರೋ ಓನರ್ರು, ಅವರಿಗೆ ನಾಲ್ಕು ಸಂಸಾರಕ್ಕೆ ಒಂದೇ ಮನೆ ದುಡ್ಡು ಆಗ್ತಿತ್ತು. ಬರದ ವರ್ಷದಿಂದ ನಾವು ಮನೆ ಲೆಕ್ಕ ಬಿಟ್ಟು ಅಡುಗೆ ಮನೆ ಲೆಕ್ಕ ಹಿಡಿದ್ವಿ, ಒಂದು ಒಲೆಗೆ ಒಂದು ಪಾಲು. ಈಗ ಅದೇ ಓನರ್ರು ಬಂದು ಎರಡು ಪೋರ್ಷನ್ ಖಾಲಿ ಇದೆ, ನಾಲ್ಕು ಪಾಲು ಯಾಕೆ ಕಟ್ಟಬೇಕು, ಮೀಟರ್ ಹಾಕಿ ಅಂತಿದ್ದಾರೆ. ಹಾಕೋಣ, ಮೀಟರ್ ದುಡ್ಡು ಯಾರು ಕೊಡೋದು ಅನ್ನೋದು ಬರೋ ಭಾನುವಾರದ ಮೀಟಿಂಗಿಗೆ.